ಹಳೆಯ ಜಪಾನೀ ಆಟಗಳೂ ನಮ್ಮ ಹಳೆಯ ಕನ್ನಡ ಕಡತಗಳೂ

ಈ ಪಾಠಶಾಲೆಯ ಸ್ಮರಣ ಸಂಚಿಕೆಯಲ್ಲಿ ಹೊಲಿಗೆ, ಆರೋಗ್ಯ, ಗೃಹಕೃತ್ಯ, ಸಸ್ಯಶಾಸ್ತ್ರ ಮುಂತಾದ ವಿಷಯಗಳ ಮೇಲೆ ಒಂದೊಂದು ಪಾಠವನ್ನು ಪ್ರಕಟಿಸುವ ವಾಡಿಕೆಯು ಬಹುಕಾಲದಿಂದ ನಡೆದುಬಂದಿದೆ. ಈ ವರ್ಷದ ಪಾಠವು ಗಣಕಯಂತ್ರದ ಹಳೆಯ ಜಪಾನೀ ಆಟಗಳನ್ನು ಹೊಸ ಯಂತ್ರದಲ್ಲಿ ನಡಿಸುವ ಬಗೆಯನ್ನು ಕುರಿತದ್ದು. ತಲೆಬರಹವನ್ನು ಕಂಡು ಹಳೆಯ ವಿದ್ಯಾರ್ಥಿನಿಯರು ನಗಬಹುದು. ಪೋಷಕರಲ್ಲಿ ಕೆಲವರು ಈಗಾಗಲೇ ಹುಬ್ಬು ಗಂಟಿಕ್ಕಿರುವರು. ಒಂಭತ್ತನೆಯ ತರಗತಿಯ ಬಾಲಿಕೆಯರು ಗಣಕದ ಕೊಠಡಿಯಲ್ಲಿ ಆಟವಾಡುತ್ತಾರಂತೆ, ಅದಕ್ಕೆ ಉಪಾಧ್ಯಾಯಿನಿಯರೇ ಅನುಮತಿ ಕೊಟ್ಟಿರುವರಂತೆ ಎಂಬ ಸುದ್ದಿಯು ಹೊಳೆನರಸೀಪುರ, ಚನ್ನರಾಯಪಟ್ಟಣಗಳವರೆಗೂ ಹೋಗಿ ಮುಟ್ಟಿದೆ. ಅನುಮತಿ ಕೊಟ್ಟದ್ದು ನಿಜ. ಯಾವ ಕಾರಣದಿಂದ ಕೊಟ್ಟೆವು, ಅದರಿಂದ ಶಾಲೆಗೆ ಒದಗಿದ್ದೇನು ಎಂಬದನ್ನು ಬರಹದಲ್ಲಿಯೇ ತಿಳಿಸುವುದು ಉಚಿತವೆಂದು ಎಣಿಸಿ ಈ ಪಾಠವನ್ನು ಬರೆದಿರುತ್ತೇವೆ.

ಆಟವು ನಮ್ಮಲ್ಲಿಗೆ ಬಂದ ಬಗೆ ಹೀಗೆ. ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳು ಗಂಡನ ಉದ್ಯೋಗದ ನಿಮಿತ್ತ ಕೆಲವು ವರ್ಷ ಜಪಾನಿನಲ್ಲಿದ್ದು, ಹಿಂದಿರುಗುವಾಗ ಅಲ್ಲಿನ ಹಳೆಯ ಸಾಮಾನಿನ ಅಂಗಡಿಯಿಂದ ಒಂದು ಸಿ.ಡಿ.ಯನ್ನು ತಂದು ಶಾಲೆಗೆ ಕೊಟ್ಟಳು. ಅದು ಕೋಯೆಯ್ ಎಂಬ ಕಂಪನಿಯವರ ಸಾಂಗೋಕುಶಿ ಎಂಬ ಮಾಲೆಗೆ ಸೇರಿದ ಆಟ. ಚೀನಾ ದೇಶದ ಮೂರು ರಾಜ್ಯಗಳ ಪುರಾತನ ಕಥೆಯೇ ಅದರ ವಸ್ತು. ಈ ಮಾಲೆಯ ಮೊದಲನೆಯ ಆಟವು 1985ರಲ್ಲಿ ಹೊರಬಂದಿತು. ನಮಗೆ ದೊರೆತದ್ದು ಅದಕ್ಕೆ ಹತ್ತು ವರ್ಷ ಈಚಿನದು, ವಿಂಡೋಸ್ 95ಕ್ಕೆಂದು ಮಾಡಿದ್ದು. ಹೊಡೆದಾಟದ ಸದ್ದು ಅದರಲ್ಲಿ ಕಡಮೆ; ಬೆಳೆ ಬಂತೇ, ಧಾನ್ಯ ಎಷ್ಟಿದೆ, ಪ್ರಜೆಗಳು ಸಮಾಧಾನದಿಂದಿರುವರೇ ಎಂದು ನೋಡಿಕೊಳ್ಳುವ ಕೆಲಸವೇ ಹೆಚ್ಚು. ನಮ್ಮ ಶಾಲೆಯ ಹೊಸ ಗಣಕಕ್ಕೆ ಅದನ್ನು ಹಾಕಿದಾಗ ಯಂತ್ರವು ಅದನ್ನು ಮುಟ್ಟಲೇ ಇಲ್ಲ. ಇಲ್ಲಿಂದ ಪಾಠವು ಆರಂಭವಾಯಿತು.

ಹೊಸ ಯಂತ್ರವು ಹಳೆಯ ತಂತ್ರಾಂಶವನ್ನು ಏಕೆ ಒಲ್ಲದು? ಗಣಕದ ಸಂಸ್ಕಾರಕವು ಒಂದೇ ಹಿಡಿತಕ್ಕೆ ಎಷ್ಟು ದ್ವಿಮಾನ ಅಂಕಿಗಳನ್ನು ತೆಗೆದುಕೊಳ್ಳುವುದೋ ಅದರಂತೆ 16, 32, 64 ಬಿಟ್ಟಿನ ಯಂತ್ರಗಳೆಂದು ಹೆಸರಿಸುವ ರೂಢಿಯುಂಟು. 64 ಬಿಟ್ಟಿನ ವಿಂಡೋಸು 16 ಬಿಟ್ಟಿನ ತಂತ್ರಾಂಶವನ್ನು ನಡಿಸುವುದಿಲ್ಲ. ವಿಂಡೋಸ್ 11 ಎಂಬುದು 64 ಬಿಟ್ಟಿನಲ್ಲಿ ಮಾತ್ರವೇ ಉಂಟು. 1995ರ ಸುಮಾರಿನ ಆಟಗಳಲ್ಲಿ ಎಷ್ಟೋ ಆಟಗಳು ತಾವು 32 ಬಿಟ್ಟಿನವಾದರೂ, ಅವುಗಳನ್ನು ಯಂತ್ರಕ್ಕೆ ಇಳಿಸುವ ಸಣ್ಣ ತಂತ್ರಾಂಶ ಮಾತ್ರ 16 ಬಿಟ್ಟಿನದಾಗಿರುತ್ತದೆ. ಮನೆಯೊಳಗೆ ಎಲ್ಲವೂ ಸರಿಯಾಗಿದ್ದು ಹೊಸ್ತಿಲಿನ ಬೀಗದ ಕೈ ಮಾತ್ರ ಕಳೆದುಹೋದ ಹಾಗೆ ಇದು.

ಇದಕ್ಕಿರುವ ಉಪಾಯವೇ ವರ್ಚುಯಲ್ ಮೆಷೀನು. ನಮ್ಮ ತರಗತಿಯಲ್ಲಿ ಅದಕ್ಕೆ ಕಲ್ಪಿತ ಯಂತ್ರವೆಂದು ಹೆಸರಿಟ್ಟಿರುತ್ತೇವೆ. ಇದನ್ನು ಬಾಲಿಕೆಯರಿಗೆ ತಿಳಿಸಿದ ರೀತಿಯನ್ನೇ ಇಲ್ಲಿಯೂ ಬರೆಯುವೆವು. ಅರಕಲಗೂಡಿನ ಕಡೆಯ ಹಳ್ಳಿಯಲ್ಲಿ ಎಂಬತ್ತು ವರ್ಷ ಬಾಳಿದ ಒಬ್ಬ ಅಜ್ಜಿಯನ್ನು ಹಾಸನದ ಮಗನ ಮನೆಗೆ ಕರೆತಂದರೆನ್ನೋಣ. ಮಗನು ಜಾಣನಾಗಿದ್ದರೆ ಅಜ್ಜಿಯ ಕೋಣೆಯನ್ನು ಹಳ್ಳಿಯ ಮನೆಯಂತೆಯೇ ಅಣಿಮಾಡುವನು. ಅದೇ ಮಂಚ, ಅದೇ ಗೂಡು, ಅದೇ ದೀಪ, ಕೈಗೆ ಎಟಕುವಲ್ಲಿ ಅದೇ ಎಲೆಅಡಿಕೆಯ ತಟ್ಟೆ. ಕಿಟಕಿಯಾಚೆಗೆ ಪಟ್ಟಣವಿರುವುದು ಅಜ್ಜಿಗೆ ಗೊತ್ತಾಗದು. ನೀರು ಬೇಕೆಂದು ಅಜ್ಜಿ ಬಾವಿಯ ಹಗ್ಗವನ್ನು ಜಗ್ಗಿದರೆ, ಸೊಸೆಯು ಮರೆಯಲ್ಲಿ ನಿಂತು ನಲ್ಲಿಯ ನೀರನ್ನು ಕೊಡಕ್ಕೆ ತುಂಬಿ ಕಳುಹಿಸುವಳು. ಕಲ್ಪಿತ ಯಂತ್ರವೂ ಹೀಗೆಯೇ. ಹೊಸ ಗಣಕದೊಳಗೆ ಒಂದು ತಂತ್ರಾಂಶವು ಹಳೆಯ ಗಣಕದ ವೇಷವನ್ನು ಪೂರ್ತಿಯಾಗಿ ಕಟ್ಟುತ್ತದೆ. ಅದರೊಳಗಿರುವ ಹಳೆಯ ವಿಂಡೋಸು ಡಿಸ್ಕನ್ನು ಕೇಳಿದಾಗ ಹೊರಗಿನ ಒಂದು ಕಡತವನ್ನೇ ಡಿಸ್ಕೆಂದು ತೋರಿಸುತ್ತದೆ. ಹೊರಗಿನದನ್ನು ಆತಿಥೇಯ ಯಂತ್ರವೆಂದೂ ಒಳಗಿನದನ್ನು ಅತಿಥಿ ಯಂತ್ರವೆಂದೂ ಕರೆಯುವರು. ಹೊಸ ದ್ರಾಕ್ಷಾರಸವನ್ನು ಹಳೆಯ ಬುದ್ದಲಿಯಲ್ಲಿ ಹಾಕಬಾರದೆಂದು ನಾವು ಭಾನುವಾರದ ಶಾಲೆಯಲ್ಲಿ ಕಲಿತೆವಷ್ಟೆ. ಇಲ್ಲಿ ಹಳೆಯ ರಸಕ್ಕೆ ಹೊಸ ಚರ್ಮದಲ್ಲಿಯೇ ಹಳೆಯ ಬುದ್ದಲಿಯನ್ನು ಹೊಲಿದುಕೊಡುವುದಾಗಿದೆ.

ಇದು ಆಟಗಾರರು ಕಂಡುಹಿಡಿದದ್ದಲ್ಲ. 1960ರ ದಶಕದಲ್ಲಿ ಐ.ಬಿ.ಎಂ. ಕಂಪನಿಯ ದೊಡ್ಡ ಗಣಕಗಳಲ್ಲಿ, ಒಂದೇ ಯಂತ್ರವನ್ನು ಅನೇಕರು ತಮ್ಮ ತಮ್ಮದೆಂಬಂತೆ ಬಳಸಲೆಂದು, ಈ ಉಪಾಯವು ಹುಟ್ಟಿತು. 1972ರಲ್ಲಿ ಅದು ಮಾರಾಟಕ್ಕೂ ಬಂದಿತು. ಮೇಜಿನ ಮೇಲಿನ ಸಣ್ಣ ಗಣಕಗಳಿಗೆ 1999ರಲ್ಲಿ ವಿ.ಎಂ.ವೇರ್ ಕಂಪನಿಯವರು ಇದನ್ನು ತಂದರು. ಫ್ರಾನ್ಸಿನ ಫಾಬ್ರಿಸ್ ಬೆಲ್ಲಾರ್ ಎಂಬವರು 2003ರಲ್ಲಿ ಹೊರತಂದ ಕ್ಯೂಎಮು, 2007ರಲ್ಲಿ ಬಂದ ವರ್ಚುಯಲ್‌ಬಾಕ್ಸ್, ಇವೆರಡೂ ಹಣ ಕೊಡದೆ ದೊರೆಯುವಂಥವು. ನಮ್ಮಂಥ ಶಾಲೆಗಳಿಗೆ ಇವೇ ಗತಿ, ಮತ್ತು ಇವೇ ಸಾಕು.

ಇಲ್ಲಿ ಒಂದು ಭೇದವನ್ನು ತಿಳಿಯತಕ್ಕದ್ದು. ಕಲ್ಪಿತ ಯಂತ್ರವು ಅತಿಥಿಯ ಆಜ್ಞೆಗಳಲ್ಲಿ ಬಹುಪಾಲನ್ನು ನಿಜವಾದ ಸಂಸ್ಕಾರಕಕ್ಕೇ ನೇರವಾಗಿ ಒಪ್ಪಿಸುತ್ತದೆ. ಅತಿಥಿಗೂ ಆತಿಥೇಯನಿಗೂ ಭಾಷೆಯೊಂದೇ ಆಗಿರುವುದರಿಂದ ಇದು ಸಾಧ್ಯ. ಭಾಷೆಯೇ ಬೇರೆಯಾದರೆ ಪ್ರತಿಯೊಂದು ಮಾತನ್ನೂ ತಿರುಗಿಸಿ ಹೇಳುವ ದುಭಾಷಿ ಬೇಕು. ಆ ದುಭಾಷಿಗೆ ಎಮ್ಯುಲೇಟರ್ ಎಂದು ಹೆಸರು. ಜಪಾನಿನ ಎನ್.ಇ.ಸಿ. ಕಂಪನಿಯವರು 1982ರಲ್ಲಿ ಪಿ.ಸಿ.-9801 ಎಂಬ ಗಣಕವನ್ನು ಹೊರತಂದರು; ಅದರ ಸಂತತಿಯು 2003ರವರೆಗೂ ಮಾರಾಟವಾಯಿತು. ಅದರ ಸಂಸ್ಕಾರಕವು ನಮ್ಮ ಗಣಕಗಳ ಜಾತಿಯದೇ. ಆದರೆ ಪರದೆ, ಧ್ವನಿ, ಕೀಲಿಮಣೆಗಳ ಏರ್ಪಾಡೆಲ್ಲವೂ ಬೇರೆ. ಆದಕಾರಣ ಅದರ ಆಟಗಳಿಗೆ ಸಾಧಾರಣ ಕಲ್ಪಿತ ಯಂತ್ರವು ಸಾಲದು, ಎಮ್ಯುಲೇಟರೇ ಬೇಕು. ಭಾಷೆ ಒಂದಾದರೂ ಮನೆಯ ಪದ್ಧತಿ ಬೇರೆಯಾದ ನೆಂಟರಂತೆ ಎನ್ನಬಹುದು. ನಮ್ಮ ಆಟವು ವಿಂಡೋಸಿನದಾದ್ದರಿಂದ ಕಲ್ಪಿತ ಯಂತ್ರವೇ ಸಾಕಾಯಿತು.

ಬಾಲಿಕೆಯರು ಶಾಲೆಯು ಹಿಂದೆ ಕೊಂಡಿದ್ದ ವಿಂಡೋಸ್ ಎಕ್ಸ್.ಪಿ.ಯ ಡಿಸ್ಕಿನಿಂದ ಕೆಲಸವನ್ನು ಆರಂಭಿಸಿದರು. ಸಿ.ಡಿ.ಯನ್ನು ಪದೇ ಪದೇ ತಿರುಗಿಸಿದರೆ ಗೀರುಬಿದ್ದು ಕೆಡುವುದರಿಂದ, ಮೊದಲು ಅದರ ಪ್ರತಿಬಿಂಬವನ್ನು ಕಡತವಾಗಿ ತೆಗೆದಿಟ್ಟುಕೊಂಡರು. ಇದರಲ್ಲೊಂದು ಸೂಕ್ಷ್ಮವುಂಟು: ಅಂದಿನ ಅನೇಕ ಆಟಗಳಲ್ಲಿ ಸಂಗೀತವು ಹಾಡಿನ ಸಿ.ಡಿ.ಯಂತೆಯೇ ಬೇರೆಯಾಗಿ ಮುದ್ರಿತವಾಗಿರುತ್ತದೆ, ಐ.ಎಸ್.ಓ. ಎಂಬ ರೀತಿಯ ಪ್ರತಿಬಿಂಬದಲ್ಲಿ ಆ ಹಾಡು ಉಳಿಯುವುದಿಲ್ಲ. ಬಿನ್, ಕ್ಯೂ ಎಂಬ ಜೋಡಿ ಕಡತಗಳಾಗಿ ತೆಗೆದರೆ ಉಳಿಯುತ್ತದೆ. ಅತಿಥಿ ಯಂತ್ರಕ್ಕೆ ಹೆಚ್ಚು ಸ್ಮೃತಿಯನ್ನು ಕೊಡುವುದು ಉದಾರತೆಯಲ್ಲ. ವಿಂಡೋಸ್ 98ಕ್ಕಾದರೆ 512 ಮೆಗಾಬೈಟನ್ನು ಮೀರಿದ ಸ್ಮೃತಿಯಿಂದಲೇ ತೊಂದರೆಗಳು ಹುಟ್ಟುತ್ತವೆ, 128 ಧಾರಾಳವಾಯಿತು. ಅಂತರ್ಜಾಲದ ಸಂಬಂಧವನ್ನು ಕಡಿದುಬಿಡಬೇಕು, ಎಕ್ಸ್.ಪಿ.ಗೆ 2014ರ ಏಪ್ರಿಲಿನಲ್ಲಿಯೇ ತಯಾರಕರ ಸಂರಕ್ಷಣೆ ನಿಂತುಹೋಗಿರುವುದರಿಂದ ಬಾಗಿಲು ತೆರೆದಿಟ್ಟರೆ ಕಳ್ಳರು ಬರುವುದು ಖಂಡಿತ.

ಆಟವು ಇಳಿಯಿತು, ಚಿತ್ರಗಳೂ ಬಂದವು. ಆದರೆ ಅಕ್ಷರಗಳಿಲ್ಲ. ಜಪಾನೀ ಲಿಪಿಯಿರಬೇಕಾದ ಕಡೆಯಲ್ಲೆಲ್ಲ ಕೊಕ್ಕೆಯಂತೆ ಬಗ್ಗಿದ ಎಫ್ ಅಕ್ಷರವೂ, ಸಾಲಿನ ಬುಡದಲ್ಲಿ ಕುಳಿತ ಅಲ್ಪವಿರಾಮದಂಥ ಗೀಟೂ, ತಲೆಯ ಮೇಲೆ ಚುಕ್ಕಿಹೊತ್ತ ರೋಮನ್ ಅಕ್ಷರಗಳೂ ಸಂತೆಯ ಜನದಂತೆ ನೆರೆದಿದ್ದವು. ಜಪಾನಿನವರು ಇದನ್ನು ಮೋಜಿಬಾಕೆ ಎನ್ನುವರು. ಮೋಜಿ ಎಂದರೆ ಅಕ್ಷರ, ಬಾಕೆ ಎಂದರೆ ರೂಪಾಂತರ ಹೊಂದುವುದು. ನಮ್ಮ ಬಾಲಿಕೆಯರ ಕಿವಿಗೆ ಅದು ಮೋಜಿನಂತೆಯೇ ಕೇಳಿಸಿ ಎರಡು ದಿನ ಅದೇ ಮಾತಾಯಿತು.

ಕಾರಣವನ್ನು ನೋಡೋಣ. ಗಣಕವು ಅಕ್ಷರವನ್ನು ಅರಿಯದು, ಸಂಖ್ಯೆಯನ್ನು ಮಾತ್ರ ಅರಿಯುವುದು. ಯಾವ ಸಂಖ್ಯೆಗೆ ಯಾವ ಅಕ್ಷರವೆಂಬುದು ಮನುಷ್ಯರ ಒಡಂಬಡಿಕೆ. ಜಪಾನಿನವರು 1978ರಲ್ಲಿಯೇ ರಾಷ್ಟ್ರದ ಮಾನಕವೊಂದನ್ನು ಗೊತ್ತುಮಾಡಿ ಆರು ಸಾವಿರಕ್ಕೂ ಮಿಕ್ಕ ಕಾಂಜಿ ಅಕ್ಷರಗಳಿಗೆ ಸ್ಥಾನಗಳನ್ನು ಹಂಚಿದರು. ಅವರ ಒಂದೊಂದು ಅಕ್ಷರಕ್ಕೆ ಎರಡೆರಡು ಸಂಖ್ಯೆಗಳು ಜೋಡಿಯಾಗಿ ಬೇಕು. ರೋಮನ್ ಲಿಪಿಗೆ ಅಣಿಯಾದ ವಿಂಡೋಸು ಆ ಜೋಡಿಯನ್ನು ಒಡೆದು ಒಂದೊಂದನ್ನೂ ಬೇರೆ ಬೇರೆ ಅಕ್ಷರವೆಂದು ಓದಿಬಿಡುತ್ತದೆ. ಕೊಕ್ಕೆಯ ಎಫ್ ಎಂಬುದು ಕಾತಾಕಾನ ಎಂಬ ಲಿಪಿಯ ಅಕ್ಷರಗಳ ಮೊದಲ ಅರ್ಧವಲ್ಲದೆ ಬೇರೆಯಲ್ಲ. ಎಕ್ಸ್.ಪಿ.ಯಲ್ಲಿ ಪೂರ್ವ ಏಷಿಯಾದ ಭಾಷೆಗಳ ಕಡತಗಳನ್ನು ಸೇರಿಸಿ, ಯೂನಿಕೋಡ್ ಅಲ್ಲದ ತಂತ್ರಾಂಶಗಳ ಭಾಷೆಯು ಜಪಾನೀ ಎಂದು ಗೊತ್ತುಮಾಡಿ ಯಂತ್ರವನ್ನು ಮತ್ತೆ ಎಬ್ಬಿಸಿದೊಡನೆ ಲಿಪಿಯೆಲ್ಲ ಸರಿಯಾಗಿ ನಿಂತಿತು. ವಿಂಡೋಸ್ 98ರಲ್ಲಿ ಈ ಅನುಕೂಲವಿಲ್ಲ, ಅದರ ಜಪಾನೀ ಆವೃತ್ತಿಯೇ ಬೇಕಾಗುವುದು. ಒಂದು ವಿನೋದ: ಜಪಾನೀ ವಿಂಡೋಸಿನಲ್ಲಿ ಕಡತಗಳ ದಾರಿಯನ್ನು ಬರೆಯುವಾಗ ಬರುವ ಓರೆಗೀಟಿನ ಸ್ಥಾನದಲ್ಲಿ ಅವರ ನಾಣ್ಯವಾದ ಯೆನ್ನಿನ ಗುರುತು ಕಾಣಿಸುತ್ತದೆ.

ಯೆನ್ನಿನ ಮಾತು ಬಂದಾಗ ಚನ್ನರಾಯಪಟ್ಟಣದ ಕಡೆಯ ಒಬ್ಬ ಬಾಲಿಕೆ, ನಮ್ಮ ತಂದೆಯ ಕಚೇರಿಯ ಕಡತಗಳಲ್ಲಿ ಪೌಂಡಿನ ಗುರುತು ಬರುತ್ತದಲ್ಲಾ ಟೀಚರ್, ಅದೂ ಇದೇ ರೋಗವೇ ಎಂದು ಕೇಳಿದಳು. ಆಟಕ್ಕೆ ಅನುಮತಿ ಕೊಟ್ಟದ್ದರ ಪೂರ್ಣ ಫಲವು ಈ ಒಂದು ಪ್ರಶ್ನೆಯಲ್ಲಿ ದೊರೆಯಿತೆಂದು ನಾವು ಎಣಿಸುತ್ತೇವೆ.

ನುಡಿ ತಂತ್ರಾಂಶದಲ್ಲಿ ಬರೆದ ಕಡತವನ್ನು ಅದರ ಅಕ್ಷರಶೈಲಿ ಇಲ್ಲದ ಗಣಕದಲ್ಲಿ ತೆರೆದವರೆಲ್ಲರೂ ಇದನ್ನು ಕಂಡಿರುವರು. ಕನ್ನಡ ಎಂಬ ಮೂರಕ್ಷರದ ಪದವಿರಬೇಕಾದ ಕಡೆಯಲ್ಲಿ ದೊಡ್ಡ ಪಿ, ತಲೆಯ ಮೇಲೆ ಗೀರುಳ್ಳ ಎ, ಪೌಂಡಿನ ಗುರುತು, ಮತ್ತೆ ಅದೇ ಎ, ಜರ್ಮನರ ಬಾಗಿದ ಎಸ್, ಸಣ್ಣ ಕ್ಯೂ, ಮತ್ತೆ ಎ ಎಂದು ಏಳು ಗುರುತುಗಳು ನಿಲ್ಲುತ್ತವೆ. ಪಿ ಎಂಬುದು ಕಕಾರದ ಒಡಲು; ಗೀರುಳ್ಳ ಎ ಎಂಬುದು ತಲೆಕಟ್ಟು; ಪೌಂಡು ನಕಾರದ ಒಡಲು; ಜರ್ಮನ್ ಎಸ್ ನಕಾರದ ಒತ್ತು; ಕ್ಯೂ ಡಕಾರದ ಒಡಲು. ಸೀಸದ ಮೊಳೆಗಳ ಕಾಲದಲ್ಲಿ ಅಚ್ಚುಕೂಟದ ಮೊಳೆಜೋಡಕನು ಒಡಲು, ತಲೆಕಟ್ಟು, ಗುಣಿತ, ಒತ್ತುಗಳನ್ನು ಬೇರೆಬೇರೆ ಮನೆಗಳಿಂದ ತೆಗೆದು ಜೋಡಿಸುತ್ತಿದ್ದ ಕ್ರಮವನ್ನು ಇದು ನೆನಪಿಗೆ ತರುತ್ತದೆ. ಮಕಾರವನ್ನೇ ನೋಡಿರಿ: ವಕಾರದ ಒಡಲು, ತಲೆಕಟ್ಟು, ಅದಕ್ಕೊಂದು ಕೊಂಬು, ಇಷ್ಟರಿಂದ ಮ ಆಗುವುದು. ಹಾಗಾದರೆ ವು ಎಂದು ಬರೆಯುವುದು ಹೇಗೆ? ಅದಕ್ಕೆ ಬೇರೆಯೇ ಒಂದು ಕೊಂಬನ್ನು ಮಾಡಿಟ್ಟಿರುವರು. ರೋಮನ್ ಅಕ್ಷರಗಳಿಗೆಂದು ಇದ್ದ ಗೂಡುಗಳೊಳಗೆ ಕನ್ನಡದ ಚೂರುಗಳನ್ನು ಇಷ್ಟು ಜಾಣತನದಿಂದ ತುಂಬಿದವರನ್ನು ನಾವು ಹಳಿಯಲಾರೆವು. ಬೇರೆ ದಾರಿಯಿಲ್ಲದಿದ್ದ ಕಾಲವದು. ಯೂನಿಕೋಡಿನ 1991ರ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ 128 ಸ್ಥಾನಗಳು ದೊರೆತಿದ್ದರೂ, ವಿಂಡೋಸಿನಲ್ಲಿ ಅದನ್ನು ಬಳಸುವ ಅನುಕೂಲವು 2001ರ ಎಕ್ಸ್.ಪಿ.ಯಿಂದ, ತುಂಗಾ ಎಂಬ ಅಕ್ಷರಶೈಲಿಯೊಡನೆ ಬಂದಿತು. ಆ ನಡುವಣ ಹತ್ತು ವರ್ಷ ನಾಡಿನ ಬರವಣಿಗೆಯು ನಿಲ್ಲಲಾಗುತ್ತಿತ್ತೇ? ಕೆ. ಪಿ. ರಾಯರು ಹಾಕಿಕೊಟ್ಟ ಕೀಲಿಮಣೆಯ ಕ್ರಮ, 1998ರಲ್ಲಿ ಶೇಷಾದ್ರಿವಾಸು ಚಂದ್ರಶೇಖರನ್ ಅವರು ಹೊರತಂದ ಬರಹ, ಕನ್ನಡ ಗಣಕ ಪರಿಷತ್ತಿನವರ ನುಡಿ, ಇವುಗಳಿಂದ ಲಕ್ಷಾಂತರ ಪುಟಗಳು ಬರೆಯಲ್ಪಟ್ಟವು.

ಜಪಾನಿಗೂ ನಮಗೂ ಇರುವ ವ್ಯತ್ಯಾಸವು ಬೇರೊಂದು ಕಡೆಯಲ್ಲಿದೆ. ಅವರಲ್ಲಿ ಆಟ ಮಾಡಿದವರು ಯಾರೇ ಆಗಲಿ, ಅಕ್ಷರದ ಸಂಖ್ಯೆ ಒಂದೇ. ಆದಕಾರಣ ಒಂದು ಗುಂಡಿಯನ್ನು ಒತ್ತಿದೊಡನೆ ಮೂವತ್ತು ವರ್ಷದ ಹಿಂದಿನ ಆಟವೂ ಮಾತಾಡಿತು. ನಮ್ಮಲ್ಲಿ ದೆಹಲಿಯ ಮಾನಕವೊಂದು 1991ರಲ್ಲಿ ಇದ್ದರೂ, ಬಸ್‌ನಿಲ್ದಾಣದ ಬಳಿಯ ಡಿ.ಟಿ.ಪಿ. ಅಂಗಡಿಗಳಲ್ಲಿ ಬಳಕೆಯಾದ ತಂತ್ರಾಂಶಗಳು ತಮ್ಮ ತಮ್ಮ ಸಂಖ್ಯೆಗಳನ್ನೇ ಇಟ್ಟುಕೊಂಡಿದ್ದವು. ಒಂದರ ಕಡತವನ್ನು ಇನ್ನೊಂದರ ಅಕ್ಷರಶೈಲಿಯಲ್ಲಿ ತೆರೆದರೆ ಕನ್ನಡದಂತೆಯೇ ಕಾಣುವ, ಆದರೆ ಯಾರೂ ಓದಲಾರದ ಬರಹ ಬರುತ್ತದೆ. ಬೇಲ್ಶಚ್ಚರನ ಅರಮನೆಯ ಗೋಡೆಯ ಮೇಲೆ ಮೂಡಿದ ಅಕ್ಷರಗಳಂತೆ. ಓದಿ ಹೇಳುವ ದಾನಿಯೇಲನನ್ನು ಹುಡುಕಬೇಕು. ನಮ್ಮ ಜಿಲ್ಲೆಯ ಬೇಲೂರು ತಾಲ್ಲೂಕಿನ ಹಲ್ಮಿಡಿಯಲ್ಲಿ 1936ರಲ್ಲಿ ಡಾಕ್ಟರ್ ಎಂ. ಎಚ್. ಕೃಷ್ಣ ಅವರು ಕಂಡ ಶಿಲಾಶಾಸನವು ಸುಮಾರು ಒಂದೂವರೆ ಸಾವಿರ ವರ್ಷದ್ದು. ಲಿಪಿಯನ್ನು ಕಲಿತವರಿಗೆ ಅದು ಇಂದಿಗೂ ಓದಲು ಬರುತ್ತದೆ. ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದ ಶಾಸನಗಳನ್ನು ಮಿಷನರಿಯ ಮಗನಾದ ಬಿ. ಎಲ್. ರೈಸ್ ಸಾಹೇಬರು 1889ರಲ್ಲಿಯೇ ಪುಸ್ತಕವಾಗಿ ಪ್ರಕಟಿಸಿದರು. ಹೀಗಿರಲು ಇಪ್ಪತ್ತೈದೇ ವರ್ಷದ ಹಿಂದಿನ ನಮ್ಮ ಬರವಣಿಗೆಯು ನಮ್ಮ ಕಣ್ಣೆದುರಿನಲ್ಲಿಯೇ ಮೂಕವಾಗಿರುವುದು ನಾಚಿಕೆಯ ಸಂಗತಿ.

ಇದು ದೂರದ ಸಂಗತಿಯೂ ಅಲ್ಲ. ಈ ಸ್ಮರಣ ಸಂಚಿಕೆಯ ಹಿಂದಿನ ಕೆಲವು ವರ್ಷಗಳ ಪ್ರತಿಗಳು ಮಳೆಗಾಲದಲ್ಲಿ ಸೋರಿದ ಬೀರುವಿನಲ್ಲಿದ್ದು ಮುದ್ದೆಯಾಗಿ ಹೋಗಿವೆ. ಅವುಗಳ ಕಡತಗಳು ಮಾತ್ರ ಫ್ಲಾಪಿಗಳಲ್ಲಿಯೂ ಸಿ.ಡಿ.ಗಳಲ್ಲಿಯೂ ಉಳಿದಿದ್ದವು. ಕಳೆದ ವರ್ಷ ಹೊಳೆನರಸೀಪುರದ ತಾಯಿಯೊಬ್ಬರು ಬಂದು, ತಮ್ಮ ಮಗಳು ಎಂಟನೆಯ ತರಗತಿಯಲ್ಲಿದ್ದಾಗ ಹೇಮಾವತಿಯ ಹೊಳೆಯನ್ನು ಕುರಿತು ಬರೆದ ಪ್ರಬಂಧವು ಸಂಚಿಕೆಯಲ್ಲಿ ಅಚ್ಚಾಗಿತ್ತೆಂದೂ, ಆ ಮಗಳು ಈಗ ಇಲ್ಲವೆಂದೂ, ಪ್ರತಿ ದೊರೆಯಬಹುದೇ ಎಂದೂ ಕೇಳಿದರು. ಆಗ ಅವರನ್ನು ಬರಿಗೈಯಲ್ಲಿ ಕಳುಹಿಸಬೇಕಾಯಿತು. ಆಟಕ್ಕಾಗಿ ಕಟ್ಟಿದ ಕಲ್ಪಿತ ಯಂತ್ರವು ಸಿದ್ಧವಾಗಿದ್ದುದರಿಂದ, ಬಾಲಿಕೆಯರು ಅದರ ನಕಲೊಂದನ್ನು ತೆಗೆದು, ಹಳೆಯ ಪುಟವಿನ್ಯಾಸದ ತಂತ್ರಾಂಶವನ್ನೂ ಅದರ ಅಕ್ಷರಶೈಲಿಗಳನ್ನೂ ಒಳಗೆ ಇಳಿಸಿ ಆ ವರ್ಷದ ಸಿ.ಡಿ.ಯನ್ನು ತೆರೆದರು. ಪ್ರಬಂಧವು ಸಿಕ್ಕಿತು. ಒಂದೂವರೆ ಪುಟ, ಕೆಳಗೆ ಹೆಸರು, ತರಗತಿ. ಹೊಳೆಯಲ್ಲಿ ನೀರು ಹೆಚ್ಚಿದ ದಿವಸ ಶಾಲೆಗೆ ತಡವಾದದ್ದಕ್ಕೆ ಆಕೆ ಕೊಟ್ಟ ಸಮಜಾಯಿಷಿಯೂ ಅದರಲ್ಲಿತ್ತು. ಅದನ್ನು ಅಚ್ಚುಮಾಡಿ ತಾಯಿಗೆ ಕಳುಹಿಸಿರುತ್ತೇವೆ.

ಆಮೇಲೆ ಉಳಿದ ಕಡತಗಳನ್ನೆಲ್ಲ ಯೂನಿಕೋಡಿಗೆ ತಿರುಗಿಸುವ ಕೆಲಸವು ಆರಂಭವಾಗಿದೆ. ಪರಿವರ್ತಕ ತಂತ್ರಾಂಶಗಳು ಉಂಟು. ಆದರೆ ಅವುಗಳ ಮೇಲೆ ಪೂರ್ಣ ಭಾರವನ್ನು ಹಾಕುವಂತಿಲ್ಲ. ಮುಖ್ಯ ಕಷ್ಟವು ಅರ್ಕಾವತ್ತಿನದು. ಅರಕಲಗೂಡನ್ನು ಕೆಲವರು ಅರ್ಕಲಗೂಡು ಎಂದು ಬರೆಯುವುದುಂಟಷ್ಟೆ. ನುಡಿಯ ಕಡತವು ಕಣ್ಣಿಗೆ ಕಾಣುವ ಕ್ರಮದಲ್ಲಿ ಮೊದಲು ಕಕಾರವನ್ನೂ ಅದರ ತರುವಾಯ ಅರ್ಕಾವತ್ತನ್ನೂ ಇಡುತ್ತದೆ. ಯೂನಿಕೋಡು ನಾಲಗೆಯ ಕ್ರಮವನ್ನು ಅನುಸರಿಸಿ ಮೊದಲು ರಕಾರವನ್ನು ಇಡುತ್ತದೆ. ಪರಿವರ್ತಕವು ಹಿಂದಕ್ಕೆ ನಡೆದು ರಕಾರವನ್ನು ಸ್ವಸ್ಥಾನದಲ್ಲಿ ಕೂರಿಸಬೇಕು. ಒತ್ತಿನ ಮೇಲೆ ಒತ್ತು ಬಂದ ಕಡೆ, ನಡುವೆ ಇಂಗ್ಲಿಷ್ ಪದವೋ ಅಂಕಿಯೋ ಬಂದ ಕಡೆ ಎಡವುವುದು. ಆದಕಾರಣ ತಿರುಗಿಸಿದ ಪ್ರತಿಯೊಂದು ಪುಟವನ್ನೂ ಕಲ್ಪಿತ ಯಂತ್ರದಲ್ಲಿನ ಮೂಲದೊಡನೆ ಇಬ್ಬರು ಬಾಲಿಕೆಯರು ಕುಳಿತು, ಒಬ್ಬಳು ಓದಿ ಒಬ್ಬಳು ನೋಡಿ, ಒಪ್ಪನೋಡುತ್ತಾರೆ. ಕಾಗುಣಿತದ ಪಾಠವು ಇದಕ್ಕಿಂತ ಚೆನ್ನಾಗಿ ನಡೆದದ್ದನ್ನು ನಾವು ಕಂಡಿಲ್ಲ.

ಎಲ್ಲವೂ ತೆರೆಯುವುದಿಲ್ಲವೆಂಬುದನ್ನೂ ಹೇಳಬೇಕು. ಹಿಂದಿನ ಕೆಲವು ಡಿ.ಟಿ.ಪಿ. ತಂತ್ರಾಂಶಗಳು, ಗಣಕದ ಹಿಂಬದಿಗೆ ಸಿಕ್ಕಿಸುವ ಒಂದು ಸಣ್ಣ ಬೀಗದ ಸಾಧನವಿಲ್ಲದೆ ನಡೆಯುತ್ತಿರಲಿಲ್ಲ. ಸಾಧನವು ಕಳೆದಿದ್ದರೆ ಕಲ್ಪಿತ ಯಂತ್ರವೂ ನಿರುಪಾಯ. ಫ್ಲಾಪಿಗಳಿಗಂತೂ ನಮ್ಮ ಮಳೆಯೇ ಶತ್ರು, ಒಳಗಿನ ತಟ್ಟೆಗೆ ಬೂಷ್ಟು ಹಿಡಿಯುತ್ತದೆ. ಜಪಾನಿನಲ್ಲಿ ಸೋನಿ ಕಂಪನಿಯವರು 2011ರಲ್ಲಿಯೇ ಫ್ಲಾಪಿಯ ಮಾರಾಟವನ್ನು ನಿಲ್ಲಿಸಿದರೂ, ಅಲ್ಲಿನ ಸರ್ಕಾರದ ನಿಯಮಗಳಲ್ಲಿ ಅದು 2024ರವರೆಗೂ ಉಳಿದಿತ್ತೆಂಬುದನ್ನು ಕೇಳಿದರೆ ನಮ್ಮ ಕಚೇರಿಗಳವರಿಗೆ ತುಸು ಸಮಾಧಾನವಾಗಬಹುದು.

ಪೋಷಕರಿಗೆ ಎರಡು ಮಾತು. ಆಟವು ಹಳೆಯದಾದ ಮಾತ್ರಕ್ಕೆ ಅದರ ಹಕ್ಕು ತೀರುವುದಿಲ್ಲ. ನ್ಯಾಯವಾಗಿ ಕೊಂಡ ತಂತ್ರಾಂಶದ ಒಂದು ಪ್ರತಿಯನ್ನು ರಕ್ಷಣೆಗಾಗಿ ತೆಗೆದಿಟ್ಟುಕೊಳ್ಳುವುದಕ್ಕೆ 1957ರ ನಮ್ಮ ಕೃತಿಸ್ವಾಮ್ಯದ ಕಾಯಿದೆಯು ಅವಕಾಶವಿತ್ತಿದೆ. ಅಂತರ್ಜಾಲದಲ್ಲಿ ಬಿದ್ದಿರುವ ಆಟಗಳನ್ನು ಎತ್ತಿಕೊಳ್ಳುವುದಕ್ಕೆ ಅವಕಾಶವಿತ್ತಿಲ್ಲ. ಈ ಅಂತರವನ್ನು ಬಾಲಿಕೆಯರಿಗೆ ಮೊದಲ ದಿವಸವೇ ತಿಳಿಸಿರುತ್ತೇವೆ. ಮತ್ತು ಆಟದ ಕಾಲವು ವಾರಕ್ಕೆ ಒಂದು ಗಂಟೆ, ಶನಿವಾರ, ಒಪ್ಪನೋಡುವ ಕೆಲಸವು ಮುಗಿದ ಮೇಲೆ.

ಹಳೆಯ ವಿದ್ಯಾರ್ಥಿನಿಯರಲ್ಲಿ ನಮ್ಮ ವಿಜ್ಞಾಪನೆ ಇಷ್ಟು. ನಿಮ್ಮ ಮನೆಯ ಅಟ್ಟದಲ್ಲಿ, ತವರಿನ ಪೆಟ್ಟಿಗೆಗಳಲ್ಲಿ, ನಿಮ್ಮ ಕಡೆಯವರ ಡಿ.ಟಿ.ಪಿ. ಅಂಗಡಿಗಳಲ್ಲಿ ಶಾಲೆಗೆ ಸಂಬಂಧಪಟ್ಟ ಫ್ಲಾಪಿ, ಸಿ.ಡಿ. ಏನಿದ್ದರೂ ತಂದುಕೊಡಿರಿ. ಬೂಷ್ಟು ಕಂಡ ಫ್ಲಾಪಿಯನ್ನು ಯಾವ ಯಂತ್ರಕ್ಕೂ ಹಾಕಿ ನೋಡಬೇಡಿರಿ, ತಟ್ಟೆಯೂ ಕೆಡುವುದು, ಯಂತ್ರದ ಮೊನೆಯೂ ಕೆಡುವುದು. ಬಟ್ಟೆಯಿಂದ ಒರಸಬೇಡಿರಿ. ಯಾವ ವರ್ಷ, ಯಾವ ತಂತ್ರಾಂಶ, ಯಾವ ಅಂಗಡಿ ಎಂಬದು ನೆನಪಿದ್ದರೆ ಒಂದು ಚೀಟಿಯಲ್ಲಿ ಬರೆದು ಜೊತೆಯಲ್ಲಿ ಇಡಿರಿ. ಆ ಮೂರು ಮಾತುಗಳಿಂದ ನಮ್ಮ ಬಾಲಿಕೆಯರಿಗೆ ಒಂದು ವಾರದ ಕೆಲಸವು ಉಳಿಯುತ್ತದೆ. ಮೂಲವನ್ನು ಪ್ರತಿಬಿಂಬ ತೆಗೆದುಕೊಂಡು ಹಿಂದಿರುಗಿಸುವೆವು. ಹಾಸನಕ್ಕೆ ಬರಲಾಗದವರು ತಮ್ಮ ಊರಿನಿಂದ ಇಲ್ಲಿಗೆ ದಿನವೂ ಬರುವ ಬಾಲಿಕೆಯರ ಕೈಯಲ್ಲಿ, ಗಟ್ಟಿಯಾದ ರಟ್ಟಿನ ನಡುವೆ ಇಟ್ಟು, ಕಳುಹಿಸಬಹುದು.